ಹದಿಮೂರು ವರ್ಷದ ಸೋಲಾರ್ ವಾಟರ್ ಹೀಟರ್: ದುರಸ್ತಿ ಮಾಡಿಸುವುದೋ, ಹೊಸದು ಹಾಕಿಸುವುದೋ?

ಹಳೇಮನೆ_ಹೊಸಚಿಂತೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಮಹದೇವಪುರದ ಕಡೆ 30×40 ನಿವೇಶನದಲ್ಲಿ ನಮ್ಮ ಎರಡಂತಸ್ತಿನ ಮನೆಯಿದೆ. 2012ರಲ್ಲಿ ಕಟ್ಟಿಸಿದಾಗ, ಸೋಲಾರ್ ಇಲ್ಲದಿದ್ದರೆ ವಿದ್ಯುತ್ ಸಂಪರ್ಕ ಸಿಗುವುದಿಲ್ಲವೆಂದು ತಿಳಿದು, 200 ಲೀಟರಿನ ಟ್ಯಾಂಕು ಮತ್ತು ಎರಡು ತಾಮ್ರದ ಪ್ಯಾನೆಲ್‌ಗಳಿರುವ ವ್ಯವಸ್ಥೆಯನ್ನು ಹಾಕಿಸಿದ್ದೆವು. ಕೆಲವು ತಿಂಗಳುಗಳಿಂದ ಬೆಳಿಗ್ಗೆ ಮೊದಲು ಸ್ನಾನ ಮಾಡಿದವರಿಗೆ ಮಾತ್ರ ಬಿಸಿನೀರು ಸಿಗುತ್ತಿದ್ದು, ಎರಡನೆಯವರ ಪಾಲಿಗೆ ಉಗುರುಬೆಚ್ಚಗಿನ ನೀರು ಬರುತ್ತಿದೆ; ಹಿಂದಿನ ದಿನ ರಣಬಿಸಿಲು ಕಾದಿದ್ದರೂ ಇದೇ ಕಥೆ. ಇದರ ಜೊತೆಗೆ ಟ್ಯಾಂಕಿನ ಅಡಿಯಿಂದ ನೀರು ತೊಟ್ಟಿಕ್ಕುತ್ತಿದ್ದು, ಸ್ಟ್ಯಾಂಡಿನ ಕಾಲಿನುದ್ದಕ್ಕೂ ಸುಣ್ಣದ ಬಿಳಿ ಪಟ್ಟೆ ಇಳಿದು ತಾರಸಿಯವರೆಗೆ ಬಂದಿದೆ.

ಕಂಪನಿಯ ಕಡೆಯಿಂದ ಬಂದವರು ಒಂದು ಸ್ಪ್ಯಾನರನ್ನೂ ಕೈಗೆತ್ತಿಕೊಳ್ಳದೆ, "ಟ್ಯಾಂಕ್ ಹೋಗಿದೆ ಸರ್, ಗಾಜಿನ ಟ್ಯೂಬಿನ ಹೊಸ ಸೆಟ್ ಹಾಕಿಸಿಬಿಡಿ, 36,000 ಆಗುತ್ತದೆ, ಹಳೆಯದಕ್ಕೆ 3,000 ಕಳೆಯುತ್ತೇವೆ" ಎಂದು ಹೇಳಿ ಹೋದರು. ನಮ್ಮ ಬೀದಿಯ ಪ್ಲಂಬರ್ ಮಾತ್ರ ಪ್ಯಾನೆಲ್‌ಗಳಿಗೆ ಆಸಿಡ್ ಹಾಕಿ ತೊಳೆದರೆ 4,000 ರೂಪಾಯಿಯಲ್ಲಿ ಎಲ್ಲವೂ ಸರಿಹೋಗುತ್ತದೆ ಎನ್ನುತ್ತಾರೆ. ಕಳೆದ ವರ್ಷದವರೆಗೆ ಪೂರ್ತಿ ಬೋರ್‌ವೆಲ್ ನೀರನ್ನೇ ಬಳಸುತ್ತಿದ್ದೆವು. ಕಾವೇರಿ ಐದನೇ ಹಂತದ ನೀರು ಬಂದ ಮೇಲೆ ಸಂಪಿನಲ್ಲಿ ಎರಡೂ ಬೆರೆಯುತ್ತವೆ. ಮನೆಯಲ್ಲಿ ಐದು ಜನರಿದ್ದೇವೆ, ತಾಯಿಯವರಿಗೆ ಬೆಳಗಿನ ಜಾವ ಐದಕ್ಕೆ ಸ್ನಾನವಾಗಬೇಕು. ಡಿಸೆಂಬರಿನ ಚಳಿ ಶುರುವಾಗಿರುವುದರಿಂದ ಬೇಗ ತೀರ್ಮಾನಿಸಬೇಕಾಗಿದೆ. ಅನುಭವಸ್ಥರು ದಾರಿ ತೋರಿಸಬೇಕಾಗಿ ವಿನಂತಿ.

ತಾರಸಿವಾಸಿ

ಹದಿಮೂರು ವರ್ಷ ದುಡಿದ ಯಂತ್ರದ ಮೇಲೆ ಮತ್ತೆ ಹಣ ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹೊಸದು ಹಾಕಿಸಿ ನಿಶ್ಚಿಂತರಾಗಿರಿ.

ಪೈಪುರಿಂಚು

ತಾರಸಿವಾಸಿಯವರ ಮಾತನ್ನು ಒಪ್ಪಲಾರೆ. ವ್ಯವಸ್ಥೆಗೆ ಎಷ್ಟು ವಯಸ್ಸಾಗಿದೆ ಎನ್ನುವುದಕ್ಕಿಂತ ಅದರ ಯಾವ ಭಾಗ ಕೆಟ್ಟಿದೆ ಎನ್ನುವುದು ಮುಖ್ಯ. ಸೋಲಾರ್ ವಾಟರ್ ಹೀಟರಿನಲ್ಲಿ ತಿರುಗುವ ಯಂತ್ರವೇ ಇಲ್ಲ. ಪ್ಯಾನೆಲ್‌ನಲ್ಲಿ ಕಾದ ನೀರು ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ಟ್ಯಾಂಕಿನ ತಳದ ತಣ್ಣೀರು ಪ್ಯಾನೆಲ್‌ಗೆ ಇಳಿಯುತ್ತದೆ, ಬಿಸಿಲಿರುವವರೆಗೆ ಈ ಸುತ್ತಾಟ ತಾನೇ ನಡೆಯುತ್ತಿರುತ್ತದೆ. ಆದ್ದರಿಂದ ಕೆಡುವ ಜಾಗಗಳೂ ಕೆಲವೇ, ಮತ್ತು ಅವುಗಳನ್ನು ಮನೆಯವರೇ ಪರೀಕ್ಷಿಸಬಹುದು.

ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ತಾರಸಿಗೆ ಹೋಗಿ, ಪ್ಯಾನೆಲ್‌ನ ಮೇಲ್ತುದಿಯಿಂದ ಟ್ಯಾಂಕಿಗೆ ಹೋಗುವ ಪೈಪನ್ನೂ ಟ್ಯಾಂಕಿನಿಂದ ಪ್ಯಾನೆಲ್‌ನ ಕೆಳತುದಿಗೆ ಇಳಿಯುವ ಪೈಪನ್ನೂ ಎಚ್ಚರಿಕೆಯಿಂದ ಮುಟ್ಟಿ ನೋಡಿ. ಮೇಲಿನದು ಕೈಯಿಡಲಾಗದಷ್ಟು ಬಿಸಿಯಾಗಿದ್ದು ಕೆಳಗಿನದು ಅದಕ್ಕಿಂತ ತಣ್ಣಗಿದ್ದರೆ ನೀರು ಓಡಾಡುತ್ತಿದೆ ಎಂದರ್ಥ. ಪ್ಯಾನೆಲ್‌ನ ಗಾಜು ಕಾದು ಕೆಂಡವಾಗಿದ್ದರೂ ಮೇಲಿನ ಪೈಪು ಬರೀ ಬೆಚ್ಚಗಿದ್ದರೆ, ಒಳಗಿನ ತಾಮ್ರದ ಕೊಳವೆಗಳಲ್ಲಿ ಸುಣ್ಣ ಕಟ್ಟಿದೆ. ಆ ಕೊಳವೆಗಳ ವ್ಯಾಸ ಅರ್ಧ ಇಂಚಿನ ಆಸುಪಾಸಿನದು, ಬೋರ್‌ವೆಲ್ ನೀರಿನಲ್ಲಿ ಹತ್ತಾರು ವರ್ಷ ಬಾಳಿದ ಮೇಲೆ ಕಟ್ಟಿಕೊಳ್ಳುವುದು ಸಹಜ.

ಸೋರಿಕೆ ಎಲ್ಲಿಂದ ಎನ್ನುವುದನ್ನು ಬೇರೆಯಾಗಿ ನೋಡಬೇಕು. ಪೈಪಿನ ಜೋಡಣೆಯಿಂದಲೋ, ಬಿಸಿಲಿಲ್ಲದ ದಿನ ನೀರು ಕಾಯಿಸುವ ವಿದ್ಯುತ್ ಕಾಯಿಲ್ ಕೂರಿಸಿದ ಜಾಗದ ವಾಷರಿನಿಂದಲೋ, ಏರ್ ವೆಂಟ್ ಪೈಪಿನಿಂದ ಉಕ್ಕಿ ಇಳಿದ ನೀರಿನಿಂದಲೋ ಆಗಿದ್ದರೆ ಅದು ನೂರಿನ್ನೂರು ರೂಪಾಯಿಯ ಕೆಲಸ. ಆದರೆ ಹೊರಗಿನ ತಗಡಿನ ಹೊಲಿಗೆಯಿಂದ, ಅದೂ ಬೆಚ್ಚಗಿನ, ತುಕ್ಕಿನ ಬಣ್ಣದ ನೀರು ಜಿನುಗುತ್ತಿದ್ದರೆ ಒಳಗಿನ ಸ್ಟೀಲ್ ಟ್ಯಾಂಕಿಗೆ ತೂತು ಬಿದ್ದಿದೆ. ಇಷ್ಟನ್ನೂ ನೋಡದೆ "ಟ್ಯಾಂಕ್ ಹೋಗಿದೆ" ಎಂದವರು ತಂತ್ರಜ್ಞರಲ್ಲ, ಮಾರಾಟಗಾರರು.

ಅಡುಗೆಮನೆ_ಎಂಜಿನಿಯರ್

ಹಳೇಮನೆಯವರೇ, ಎರಡನೆಯವರಿಗೆ ನೀರು ತಣ್ಣಗಾಗುತ್ತಿದೆ ಎಂದಿದ್ದೀರಿ. ಇದರ ಕಾರಣ ತಾರಸಿಯ ಮೇಲೆಯೇ ಇರಬೇಕೆಂದಿಲ್ಲ, ಬಚ್ಚಲುಮನೆಯಲ್ಲೂ ಇರಬಹುದು. ನಮ್ಮ ಮನೆಯಲ್ಲಿ ಹೀಗೇ ಆಗಿ, ಎರಡು ಬಾರಿ ಪ್ಯಾನೆಲ್ ತೊಳೆಸಿದರೂ ಪ್ರಯೋಜನವಾಗಿರಲಿಲ್ಲ. ಕೊನೆಗೆ ತಿಳಿದದ್ದೇನೆಂದರೆ, ಮಿಕ್ಸರ್ ನಲ್ಲಿಯ ಬಿಸಿ ಮತ್ತು ತಣ್ಣೀರಿನ ಎರಡೂ ತಿರುಗಣಿಗಳನ್ನು ತೆರೆದಿಟ್ಟು, ಹ್ಯಾಂಡ್ ಶವರಿನ ತುದಿಯಲ್ಲಿ ಮಾತ್ರ ನೀರು ನಿಲ್ಲಿಸುವ ಅಭ್ಯಾಸ ಮಕ್ಕಳಿಗಿತ್ತು. ಆಗ ಒತ್ತಡ ಹೆಚ್ಚಿರುವ ತಣ್ಣೀರು ಮಿಕ್ಸರಿನೊಳಗಿನಿಂದಲೇ ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಕೆಳಗಿನ ಬಚ್ಚಲಿನಲ್ಲಿ ಸ್ನಾನ ಮಾಡುವವರಿಗೆ ಅದೇ ಬರುತ್ತದೆ.

ಇದನ್ನು ಪರೀಕ್ಷಿಸುವುದು ಸುಲಭ. ಸೋಲಾರ್ ಟ್ಯಾಂಕಿಗೆ ತಣ್ಣೀರು ಹೋಗುವ ವಾಲ್ವನ್ನು ಮುಚ್ಚಿ, ಕೆಳಗೆ ಬಿಸಿನೀರಿನ ನಲ್ಲಿಯೊಂದನ್ನು ತೆರೆಯಿರಿ. ಬಿಸಿನೀರು ಟ್ಯಾಂಕಿನ ಮೇಲ್ಭಾಗದಿಂದ ಹೊರಬರುವುದರಿಂದ ಸ್ವಲ್ಪ ಹೊತ್ತಿನಲ್ಲೇ ಧಾರೆ ನಿಲ್ಲಬೇಕು. ನಿಲ್ಲದೆ ತಣ್ಣೀರು ಬರುತ್ತಲೇ ಇದ್ದರೆ ಅದು ಎಲ್ಲೋ ಒಂದು ಮಿಕ್ಸರಿನ ಮೂಲಕ ದಾಟಿ ಬರುತ್ತಿದೆ. ಆ ಮಿಕ್ಸರಿಗೆ ಹೋಗುವ ಪೈಪುಗಳಿಗೆ, ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಹಾಕಿಸಿದರೆ ಸಾಕು, ಸೋಲಾರನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ.

ಪೈಪುರಿಂಚು

ಮೇಡಂ, ಇದನ್ನೇ ನಾನು ಮೊದಲು ಹೇಳಬೇಕಾಗಿತ್ತು. ತಣ್ಣೀರಿಗೆ ಪ್ರೆಷರ್ ಪಂಪ್ ಹಾಕಿಸಿ ಬಿಸಿನೀರನ್ನು ಹಾಗೇ ಬಿಟ್ಟ ಮನೆಗಳಲ್ಲಿ ಇದು ದಿನನಿತ್ಯದ ಗೋಳು.

ಬೋರ್‌ವೆಲ್_ಬವಣೆ

ನಾವು ಸರ್ಜಾಪುರ ರಸ್ತೆಯ ಕಡೆಯವರು, ನೀರಿನ ಟಿಡಿಎಸ್ 1,100 ಇದೆ. ಪ್ಯಾನೆಲ್‌ಗೆ ಸುಣ್ಣ ಕಟ್ಟಿದರೆ ಯಾರನ್ನೂ ಕರೆಸುವುದಿಲ್ಲ. ಅಂಗಡಿಯಲ್ಲಿ ಶೌಚಾಲಯ ತೊಳೆಯಲು ಮಾರುವ ಆಸಿಡ್ ತಂದು, ನೀರಿಗೆ ಬೆರೆಸಿ ಟ್ಯಾಂಕಿಗೇ ಸುರಿದು, ಒಂದು ಗಂಟೆ ಬಿಟ್ಟು ಎಲ್ಲವನ್ನೂ ಹೊರಹರಿಸಿಬಿಡುತ್ತೇನೆ. ಒಂದು ಬಕೆಟ್ ತುಂಬ ಬಿಳಿ ಚೂರುಗಳು ಬರುತ್ತವೆ. ಖರ್ಚು ನೂರು ರೂಪಾಯಿ ದಾಟುವುದಿಲ್ಲ, ಹಳೇಮನೆಯವರೂ ಮಾಡಿ ನೋಡಬಹುದು.

ರಸಾಯನ_ಮೇಡಂ

ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಅಂಗಡಿಯಲ್ಲಿ ಸಿಗುವ ಆ ಆಸಿಡ್ ಹೈಡ್ರೋಕ್ಲೋರಿಕ್ ಆಮ್ಲ. ಸ್ಟೇನ್‌ಲೆಸ್ ಸ್ಟೀಲಿಗೆ ಕ್ಲೋರೈಡ್‌ಗಿಂತ ದೊಡ್ಡ ಶತ್ರುವಿಲ್ಲ. ಅದು ಮೇಲ್ಮೈಯನ್ನು ಸಮನಾಗಿ ಸವೆಸುವುದಿಲ್ಲ, ಸೂಜಿಮೊನೆಯಷ್ಟು ಜಾಗ ಹುಡುಕಿಕೊಂಡು ಒಳಗೆ ಕೊರೆಯುತ್ತದೆ, ಅದರಲ್ಲೂ ವೆಲ್ಡಿಂಗ್ ಮಾಡಿದ ಅಂಚುಗಳಲ್ಲಿ. ನಿಮ್ಮ ಬಕೆಟ್‌ಗೆ ಬಂದ ಬಿಳಿ ಚೂರುಗಳು ಕಣ್ಣಿಗೆ ಕಾಣುತ್ತವೆ, ಟ್ಯಾಂಕಿನೊಳಗೆ ಬೀಳುವ ಗುಳಿಗಳು ಕಾಣುವುದಿಲ್ಲ. ಸುಣ್ಣ ಕರಗಿಸಲು ಸಲ್ಫಾಮಿಕ್ ಆಮ್ಲವನ್ನೋ ಸಿಟ್ರಿಕ್ ಆಮ್ಲವನ್ನೋ ತೆಳುವಾಗಿ ಬಳಸಬೇಕು. ಪ್ಯಾನೆಲ್‌ಗಳನ್ನು ಟ್ಯಾಂಕಿನಿಂದ ಬೇರ್ಪಡಿಸಿ, ಬಿಸಿಲಿಳಿದ ಮೇಲೆ, ಕೈಗವಸು ಮತ್ತು ಕನ್ನಡಕ ಧರಿಸಿದವರು ಮಾಡಬೇಕು, ಆಮೇಲೆ ಧಾರಾಳವಾಗಿ ಸಾದಾ ನೀರು ಹಾಯಿಸಬೇಕು.

ಇನ್ನೊಂದು ತಿದ್ದುಪಡಿ. ಟಿಡಿಎಸ್ ಎಂದರೆ ನೀರಿನ ಗಡಸುತನವಲ್ಲ. ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿದ ಎಲ್ಲ ಲವಣಗಳನ್ನೂ ಒಟ್ಟಾಗಿ ಅಂದಾಜಿಸುತ್ತದೆ, ಸುಣ್ಣ ಕಟ್ಟುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂನಿಂದ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಅಪೇಕ್ಷಣೀಯ ಮಿತಿಯಾಗಿದ್ದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದೆಂದಿದೆ. ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಗಡಸುತನ ಮತ್ತು ಕ್ಲೋರೈಡ್ ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಮೊದಲನೆಯದು ಪ್ಯಾನೆಲ್‌ನ ಆಯುಷ್ಯವನ್ನು, ಎರಡನೆಯದು ಟ್ಯಾಂಕಿನ ಆಯುಷ್ಯವನ್ನು ಹೇಳುತ್ತದೆ.

ಬೋರ್‌ವೆಲ್_ಬವಣೆ

ಐದು ವರ್ಷಗಳಿಂದ ಹೀಗೆಯೇ ಮಾಡುತ್ತಿದ್ದೇನೆ, ನನ್ನ ಟ್ಯಾಂಕು ಇನ್ನೂ ಸೋರಿಲ್ಲ. ಪುಸ್ತಕದ ಮಾತಿಗೂ ತಾರಸಿಯ ಮಾತಿಗೂ ವ್ಯತ್ಯಾಸವಿರುತ್ತದೆ.

ರಸಾಯನ_ಮೇಡಂ

ಸೋರುವವರೆಗೆ ಯಾವ ಟ್ಯಾಂಕೂ ಸೋರುವುದಿಲ್ಲ, ಸರ್.

ಲೆಕ್ಕದಮೇಷ್ಟ್ರು

ಎಲ್ಲರೂ ಕೊಳವೆ, ಸುಣ್ಣ ಎನ್ನುತ್ತಿದ್ದೀರಿ. ದುಡ್ಡಿನ ಲೆಕ್ಕವನ್ನು ಯಾರೂ ಹಾಕಿಲ್ಲ. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು 1.163 ವ್ಯಾಟ್-ಗಂಟೆಯಷ್ಟು ವಿದ್ಯುತ್ ಬೇಕು. 200 ಲೀಟರನ್ನು 25ರಿಂದ 60 ಡಿಗ್ರಿಗೆ ಏರಿಸಲು ಸುಮಾರು 8 ಯೂನಿಟ್ ಬೇಕಾಗುತ್ತದೆ. ಮಾರಾಟದವರು ಈ 8 ಯೂನಿಟ್ಟನ್ನೇ ಹಿಡಿದು ವರ್ಷದ ಉಳಿತಾಯವನ್ನು ಊದಿಸಿ ತೋರಿಸುತ್ತಾರೆ. ಆದರೆ ಐದು ಜನ ತಲಾ 30 ಲೀಟರಿನಂತೆ 40 ಡಿಗ್ರಿಯ ನೀರಿನಲ್ಲಿ ಸ್ನಾನ ಮಾಡಿದರೆ ದಿನಕ್ಕೆ ಬೇಕಾಗುವುದು 3 ಯೂನಿಟ್‌ಗಿಂತಲೂ ಕಡಿಮೆ. ಪೈಪಿನಲ್ಲಿ ಮತ್ತು ಗೀಸರಿನಲ್ಲಿ ಆಗುವ ನಷ್ಟ ಸೇರಿಸಿ 3 ಎಂದೇ ಇಟ್ಟುಕೊಳ್ಳೋಣ. ತಿಂಗಳಿಗೆ 90 ಯೂನಿಟ್. ಯೂನಿಟ್‌ಗೆ 6 ರೂಪಾಯಿಯ ಆಸುಪಾಸು ಹಿಡಿದರೆ 540 ರೂಪಾಯಿ. ಮಳೆಗಾಲದ ಮೋಡದ ದಿನಗಳಲ್ಲಿ ಸೋಲಾರ್ ಇದ್ದರೂ ಕಾಯಿಲ್ ಹಾಕಲೇಬೇಕಾದ್ದರಿಂದ ವರ್ಷದಲ್ಲಿ ಒಂಬತ್ತು ತಿಂಗಳ ಉಳಿತಾಯವೆಂದರೆ ಸುಮಾರು 5,000 ರೂಪಾಯಿ.

ಅಂದರೆ 36,000 ಕೊಟ್ಟು ತಂದ ಹೊಸ ವ್ಯವಸ್ಥೆ ತನ್ನ ಹಣವನ್ನು ಹಿಂದಿರುಗಿಸಲು ಏಳು ವರ್ಷ ಬೇಕು. 4,000ದ ದುರಸ್ತಿ ಒಂದೇ ವರ್ಷದಲ್ಲಿ ಗಿಟ್ಟುತ್ತದೆ. ದುರಸ್ತಿಯಿಂದ ಇನ್ನೆರಡು ವರ್ಷ ಎಳೆದರೂ ಲಾಭವೇ. ಬೆಸ್ಕಾಂ ಬಿಲ್ಲಿನಲ್ಲಿ ಸೋಲಾರ್ ಇರುವ ಮನೆಗೆ ಕೊಡುವ ಯೂನಿಟ್‌ಗೆ 50 ಪೈಸೆಯ ರಿಯಾಯಿತಿಗೂ ತಿಂಗಳಿಗೆ 50 ರೂಪಾಯಿಯ ಮಿತಿ ಇರುವುದರಿಂದ ಅದು ಲೆಕ್ಕವನ್ನು ಬದಲಿಸುವುದಿಲ್ಲ.

ಮೀಟರ್_ಮಾದಯ್ಯ

ಮೇಷ್ಟ್ರೇ, ಲೆಕ್ಕ ಸರಿಯಿದೆ, ಆದರೆ ಗೃಹಜ್ಯೋತಿಯನ್ನು ಮರೆತಿದ್ದೀರಿ. 2023ರ ಆಗಸ್ಟ್‌ನಿಂದ ಮನೆಗಳಿಗೆ, 2022-23ರ ಸರಾಸರಿ ಬಳಕೆಯ ಮೇಲೆ ಶೇಕಡ 10 ಸೇರಿಸಿ, 200 ಯೂನಿಟ್ ಮೀರದಂತೆ, ಉಚಿತ ವಿದ್ಯುತ್ ಸಿಗುತ್ತಿದೆ. 200 ದಾಟಿದ ತಿಂಗಳು ಮಾತ್ರ ಪೂರ್ತಿ ಬಿಲ್ಲನ್ನು ಕಟ್ಟಬೇಕು. ಹಳೇಮನೆಯವರು ಈಗ ತಿಂಗಳಿಗೆ 160 ಯೂನಿಟ್ ಬಳಸುತ್ತಿದ್ದಾರೆಂದುಕೊಳ್ಳಿ, ಬಿಲ್ಲು ಸೊನ್ನೆ. ಸೋಲಾರ್ ಬಿಟ್ಟು ಗೀಸರ್ ಹಾಕಿದರೆ ನಿಮ್ಮ ಲೆಕ್ಕದಂತೆಯೇ 90 ಸೇರಿ 250 ಆಗುತ್ತದೆ. ಆಗ ಅವರು ಕಟ್ಟುವುದು 90 ಯೂನಿಟ್‌ನ 540 ರೂಪಾಯಿಯಲ್ಲ; ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿ ಎರಡು ಸಾವಿರದ ಆಸುಪಾಸಿನ ಬಿಲ್ಲು. ಹಾಗಾಗಿ ಅಂಥ ಮನೆಯಲ್ಲಿ ಸೋಲಾರ್ ಉಳಿಸುವುದು ತಿಂಗಳಿಗೆ ಐನೂರಲ್ಲ, ಎರಡು ಸಾವಿರ. ನಿಮ್ಮ ಏಳು ವರ್ಷ ಎರಡು ವರ್ಷಕ್ಕೆ ಇಳಿಯಿತು.

ಲೆಕ್ಕದಮೇಷ್ಟ್ರು

ಮಾದಯ್ಯನವರ ಮಾತು ನಿಜ, 160ರಿಂದ 190ರ ನಡುವೆ ಇರುವ ಮನೆಗಳಿಗೆ ಇದು ಅನ್ವಯಿಸುತ್ತದೆ. ಈಗಾಗಲೇ 300 ದಾಟುವ ಮನೆಗೆ ನನ್ನ ಲೆಕ್ಕವೇ ಸರಿ. ಹಳೇಮನೆಯವರು ತಮ್ಮ ಬಿಲ್ಲನ್ನು ನೋಡಿ ಹೇಳಲಿ. ಸರ್ಕಾರದ ಯೋಜನೆಯನ್ನು ನಂಬಿ ಹದಿನೈದು ವರ್ಷದ ಸಾಮಾನು ಕೊಳ್ಳುವುದು ಎಷ್ಟು ಸರಿ ಎನ್ನುವುದು ಬೇರೆಯೇ ಚರ್ಚೆ.

ಕೊಪ್ಪದವ

ನಮ್ಮ ಕಡೆ ಈ ಪ್ರಶ್ನೆಯೇ ಬರುವುದಿಲ್ಲ. ಬಚ್ಚಲೊಲೆಗೆ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ತುರುಕಿದರೆ ತಾಮ್ರದ ಹಂಡೆಯಲ್ಲಿ ಇಡೀ ಮನೆಗೆ ಸಾಕಾಗುವಷ್ಟು ನೀರು ಕಾಯುತ್ತದೆ, ಮಳೆಗಾಲದ ಮೂರು ತಿಂಗಳು ಸೂರ್ಯನ ಮುಖವನ್ನೇ ಕಾಣದ ಊರಿಗೆ ಅದೇ ಸರಿ. ಆದರೂ ಮಗನ ಒತ್ತಾಯಕ್ಕೆ ಗಾಜಿನ ಟ್ಯೂಬಿನ ಸೋಲಾರ್ ಹಾಕಿಸಿದೆವು. ಮಂಗಗಳು ಮೇಲಿಂದ ಜಿಗಿದು ಟ್ಯೂಬು ಒಡೆದವು. ಒಂದು ಟ್ಯೂಬು ಒಡೆದರೂ ಟ್ಯಾಂಕಿನ ನೀರೆಲ್ಲ ಅದರ ಮೂಲಕ ಹರಿದುಹೋಗುತ್ತದೆ. ಮಂಗನ ಕಾಟವಿರುವವರು ಮೇಲೆ ಕಬ್ಬಿಣದ ಜಾಲರಿ ಹಾಕಿಸದೆ ಟ್ಯೂಬಿನ ಮಾದರಿಯನ್ನು ಕೊಳ್ಳಬೇಡಿ.

ತಾರಸಿವಾಸಿ

ಮಹದೇವಪುರದಲ್ಲಿ ಅಡಿಕೆ ಸಿಪ್ಪೆಯನ್ನು ಎಲ್ಲಿಂದ ತರುವುದು, ಸ್ವಾಮಿ? ಹೊಗೆ ಬಂದರೆ ಪಕ್ಕದ ಮನೆಯವರು ಪೊಲೀಸರನ್ನೇ ಕರೆಸಿಯಾರು.

ಕೊಪ್ಪದವ

ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ಹೊಗೆ ಕಡಿಮೆ ಮಾಡುವ ಒಲೆಯನ್ನು ನಲವತ್ತು ವರ್ಷಗಳ ಹಿಂದೆಯೇ ರೂಪಿಸಿದ್ದರು. ಬೆಂಗಳೂರಿನವರೇ ಮರೆತರೆ ನಾವೇನು ಮಾಡುವುದು.

ಚಿಕಾಗೋ_ಚಳಿ

ಇಲ್ಲಿ ನಮಗೂ ಇದೇ ಪ್ರಶ್ನೆ, ಸ್ವರೂಪ ಮಾತ್ರ ಬೇರೆ. ನೆಲಮಾಳಿಗೆಯಲ್ಲಿರುವ ಗ್ಯಾಸ್ ಫರ್ನೇಸ್ ಇಡೀ ಮನೆಯ ಗಾಳಿಯನ್ನು ಬಿಸಿ ಮಾಡುತ್ತದೆ. ಜನವರಿಯಲ್ಲಿ ಅದು ನಿಂತುಹೋದರೆ ಚಳಿಯೊಂದೇ ಅಲ್ಲ, ಪೈಪಿನೊಳಗಿನ ನೀರು ಹೆಪ್ಪುಗಟ್ಟಿ ಪೈಪೇ ಒಡೆಯುತ್ತದೆ. ಇಲ್ಲಿ ಅನುಭವಸ್ಥರು ನೋಡುವುದು ಒಂದನ್ನೇ: ಕೆಟ್ಟಿರುವುದು ಬಿಡಿಭಾಗವೋ, ಹೀಟ್ ಎಕ್ಸ್‌ಚೇಂಜರ್ ಎನ್ನುವ ಮುಖ್ಯ ಅಂಗವೋ ಎಂದು. ಇಗ್ನೈಟರ್, ಫ್ಲೇಮ್ ಸೆನ್ಸರ್ ಮೊದಲಾದವು ಕೆಟ್ಟರೆ ಎಷ್ಟು ಹಳೆಯದಾದರೂ ದುರಸ್ತಿ ಮಾಡಿಸುತ್ತಾರೆ. ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಸೇರುವ ಅಪಾಯವಿರುವುದರಿಂದ ಹಳೆಯ ಫರ್ನೇಸನ್ನು ಬದಲಿಸಿಬಿಡುತ್ತಾರೆ. ಈ ಭಯವನ್ನೇ ಬಂಡವಾಳ ಮಾಡಿಕೊಂಡು, ಇಲ್ಲದ ಬಿರುಕನ್ನು ಇದೆಯೆಂದು ಹೇಳುವವರೂ ಇದ್ದಾರೆ. ಅದಕ್ಕೇ ಬಿರುಕಿನ ಫೋಟೊ ತೋರಿಸಿ ಎಂದು ಕೇಳುವುದು ಇಲ್ಲಿ ರೂಢಿ. ನೀವೂ ಟ್ಯಾಂಕಿನ ತೂತನ್ನು ತೋರಿಸಲು ಹೇಳಿ.

2025ರಲ್ಲಿ ಇನ್ನೊಂದು ಅವಸರವೂ ಇತ್ತು. ಹೆಚ್ಚು ದಕ್ಷತೆಯ ಉಪಕರಣಗಳಿಗೆ ಅಮೆರಿಕದ ಕೇಂದ್ರ ಸರ್ಕಾರ ಕೊಡುತ್ತಿದ್ದ ತೆರಿಗೆ ವಿನಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿಯಲಿದ್ದುದರಿಂದ, ಚೆನ್ನಾಗಿರುವ ಫರ್ನೇಸನ್ನೂ ಕಿತ್ತುಹಾಕಿಸುವಂತೆ ಮಾರಾಟದವರು ಒತ್ತಾಯಿಸುತ್ತಿದ್ದರು.

ಪೈಪುರಿಂಚು

ಒಳ್ಳೆಯ ಹೋಲಿಕೆ. ಸೋಲಾರಿನಲ್ಲಿ ಆ ಮುಖ್ಯ ಅಂಗವೆಂದರೆ ಒಳಗಿನ ಟ್ಯಾಂಕು. ಅದು ತೂತಾದರೆ ಮೇಲಿನ ತಗಡು ಬಿಚ್ಚಿ, ಶಾಖ ತಡೆಯುವ ಪಫ್ ಎಂಬ ನೊರೆಯ ಪದರ ಕೆರೆದು, ಆರ್ಗಾನ್ ವೆಲ್ಡಿಂಗ್ ಮಾಡಿಸುವವರಿದ್ದಾರೆ. ನಾನು ಮಾಡಿಸಬೇಡಿ ಎನ್ನುತ್ತೇನೆ. ಒಂದು ಕಡೆ ತೂತು ಬಿದ್ದ ತಗಡಿನಲ್ಲಿ ಬೀಳಲು ಕಾದಿರುವ ತೂತುಗಳು ಇನ್ನಷ್ಟಿರುತ್ತವೆ, ಕೆರೆದ ಪಫ್ ಜಾಗದಲ್ಲಿ ರಾತ್ರಿಯೆಲ್ಲ ಶಾಖ ಸೋರುತ್ತದೆ.

ಹೀಟ್‌ಪಂಪ್_ಹಿತೈಷಿ

ದುರಸ್ತಿಯೂ ಬೇಡ, ಸೋಲಾರೂ ಬೇಡ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಸಿಗುತ್ತಿರುವಾಗ, ತಾರಸಿಯ ಜಾಗವನ್ನೆಲ್ಲ ವಿದ್ಯುತ್ ಪ್ಯಾನೆಲ್‌ಗಳಿಗೆ ಕೊಟ್ಟು, ನೀರು ಕಾಯಿಸಲು ಹೀಟ್ ಪಂಪ್ ಹಾಕಿಸುವುದೇ ಜಾಣತನ. ಅದು ಏಸಿಯನ್ನು ತಿರುಗಿಸಿ ಇಟ್ಟಂತೆ, ಹೊರಗಿನ ಗಾಳಿಯ ಶಾಖವನ್ನು ನೀರಿಗೆ ಸೇರಿಸುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್‌ನಷ್ಟು ಶಾಖ ಸಿಗುತ್ತದೆ. ಬೆಂಗಳೂರಿನ ಹವೆಯಲ್ಲಿ ವರ್ಷವಿಡೀ ಚೆನ್ನಾಗಿ ನಡೆಯುತ್ತದೆ, ಮೋಡವಿದ್ದರೂ ತೊಂದರೆಯಿಲ್ಲ.

ರಸಾಯನ_ಮೇಡಂ

ಐದು ಜನರ ಸ್ನಾನದ ನೀರಿಗೆ ಹೀಟ್ ಪಂಪಿನ ಬೆಲೆ ಎಷ್ಟೆಂದೂ ಹೇಳಿಬಿಡಿ.

ಹೀಟ್‌ಪಂಪ್_ಹಿತೈಷಿ

200 ಲೀಟರಿನದಕ್ಕೆ ಲಕ್ಷದ ಹತ್ತಿರ ಹೋಗುತ್ತದೆ, ಒಪ್ಪುತ್ತೇನೆ. ಆದರೆ ವಿದ್ಯುತ್ ಪ್ಯಾನೆಲ್ ಇದ್ದರೆ ಅದರ ಖರ್ಚು ಅದರಲ್ಲೇ ಹೋಗುತ್ತದೆ.

ಲೆಕ್ಕದಮೇಷ್ಟ್ರು

ಮೇಷ್ಟ್ರುಗಿರಿಯನ್ನು ಬಿಡಲಾಗದೆ ಹೇಳುತ್ತಿದ್ದೇನೆ. ವಿದ್ಯುತ್ ಪ್ಯಾನೆಲ್ ಬಿಸಿಲಿನ ಶಕ್ತಿಯಲ್ಲಿ ಶೇಕಡ 20ರಷ್ಟನ್ನು ಮಾತ್ರ ವಿದ್ಯುತ್ತಾಗಿ ಪರಿವರ್ತಿಸುತ್ತದೆ, ನೀರು ಕಾಯಿಸುವ ಪ್ಯಾನೆಲ್ ಅರ್ಧದಷ್ಟನ್ನಾದರೂ ಶಾಖವಾಗಿ ಕೊಡುತ್ತದೆ. ಹಾಗಾಗಿ ವಿದ್ಯುತ್ ಪ್ಯಾನೆಲ್ ಹಾಕಿಸಿ ಸಾದಾ ಗೀಸರ್ ನಡೆಸುವುದು ಜಾಗದ ದುಂದು. ಹೀಟ್ ಪಂಪ್ ಹಾಕಿದರೆ ಆ 20ನ್ನು ಮೂರರಿಂದ ಗುಣಿಸಿದಂತಾಗಿ ಎರಡೂ ಸರಿಸಮ. ಸರಿಸಮವಾಗಲು ಎರಡೂವರೆ ಪಟ್ಟು ದುಡ್ಡು ಏಕೆ ಕೊಡಬೇಕು ಎನ್ನುವುದು ನನ್ನ ಪ್ರಶ್ನೆ. ಪಕ್ಕದಲ್ಲಿ ನಾಲ್ಕಂತಸ್ತಿನ ಕಟ್ಟಡವೆದ್ದು ತಾರಸಿಗೆ ನೆರಳು ಬೀಳುವ ಮನೆಗೆ ಮಾತ್ರ ಹೀಟ್ ಪಂಪ್ ಒಪ್ಪುತ್ತೇನೆ.

ಗುಜರಿ_ಗೆಳೆಯ

ಒಂದು ಮಾತು ಯಾರೂ ಹೇಳಲಿಲ್ಲ. ಕಂಪನಿಯವರು ಹಳೆಯದಕ್ಕೆ 3,000 ಕಳೆಯುತ್ತೇವೆ ಎಂದದ್ದು ಉದಾರತೆಯಿಂದಲ್ಲ. 2012ರ ಪ್ಯಾನೆಲ್‌ಗಳ ಒಳಗೆ ತಾಮ್ರದ ಕೊಳವೆ, ತಾಮ್ರದ ಹಾಳೆ, ಸುತ್ತ ಅಲ್ಯೂಮಿನಿಯಂ ಚೌಕಟ್ಟು ಇರುತ್ತವೆ. ಟ್ಯಾಂಕಿನ ಸ್ಟೀಲ್ ಬೇರೆ. ತಾಮ್ರದ ಗುಜರಿ ಬೆಲೆ ಕಬ್ಬಿಣದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕೊಡುವುದೇ ಆದರೆ ಎರಡು ಗುಜರಿ ಅಂಗಡಿಯವರನ್ನು ಮನೆಗೆ ಕರೆಸಿ, ತಾಮ್ರ, ಅಲ್ಯೂಮಿನಿಯಂ, ಸ್ಟೀಲ್ ಮೂರನ್ನೂ ಬೇರೆ ಬೇರೆ ತೂಗಿಸಿ ಕೊಡಿ. ತಾಮ್ರದ ಪ್ಯಾನೆಲ್ ತೆಗೆದುಕೊಂಡು ಹೋಗಿ ಗಾಜಿನ ಟ್ಯೂಬು ಕೊಡುವ ವ್ಯಾಪಾರದಲ್ಲಿ ಲಾಭ ಯಾರದ್ದೆಂದು ಯೋಚಿಸಿ.

ತಾರಸಿವಾಸಿ

ಗಾಜಿನ ಟ್ಯೂಬನ್ನು ಸುಮ್ಮನೆ ಹೀಗಳೆಯಬೇಡಿ. ಗಡಸು ನೀರಿಗೆ ಅದೇ ಮೇಲು; ಟ್ಯೂಬು ದಪ್ಪವಾಗಿರುವುದರಿಂದ ಸುಣ್ಣ ತಳಕ್ಕೆ ಬಿದ್ದರೂ ದಾರಿ ಕಟ್ಟುವುದಿಲ್ಲ. ಎರಡು ಪದರದ ಗಾಜಿನ ನಡುವೆ ನಿರ್ವಾತವಿರುವುದರಿಂದ ಚಳಿಗಾಲದಲ್ಲಿ ಶಾಖ ಹೊರಹೋಗುವುದೂ ಕಡಿಮೆ. ಒಂದು ಟ್ಯೂಬು ಹೋದರೆ ಅದೊಂದನ್ನೇ ಬದಲಿಸಬಹುದು.

ಪೈಪುರಿಂಚು

ಇದರಲ್ಲಿ ತಾರಸಿವಾಸಿಯವರ ಪರ. ಟ್ಯೂಬಿನ ಮಾದರಿ ಇರುವವರಿಗೆ ಒಂದು ಗುರುತು ಹೇಳುತ್ತೇನೆ: ಟ್ಯೂಬಿನ ಮುಚ್ಚಿದ ತುದಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಣ್ಣದ ಕಲೆಯಿರುತ್ತದೆ. ಅದು ಹಾಲಿನಂತೆ ಬಿಳಿಚಿಕೊಂಡಿದ್ದರೆ ಒಳಗೆ ಗಾಳಿ ಸೇರಿ ನಿರ್ವಾತ ಹೋಗಿದೆ, ಆ ಟ್ಯೂಬು ನಿಂತಿದ್ದರೂ ಕೆಲಸಕ್ಕೆ ಬಾರದು. ಬದಲಿಸುವಾಗ ಟ್ಯಾಂಕಿಗೆ ಸೇರುವಲ್ಲಿನ ರಬ್ಬರ್ ರಿಂಗನ್ನೂ ಬದಲಿಸಿ. ನಡುಮಧ್ಯಾಹ್ನ ಖಾಲಿಯಿದ್ದು ಕಾದಿರುವ ಟ್ಯೂಬಿಗೆ ತಣ್ಣೀರು ಬಿಡಬೇಡಿ, ಫಟ್ಟೆಂದು ಒಡೆಯುತ್ತದೆ.

ಹಳೇಮನೆ_ಹೊಸಚಿಂತೆ

ಎಲ್ಲರಿಗೂ ಧನ್ಯವಾದಗಳು. ಭಾನುವಾರ ಪ್ಲಂಬರನ್ನು ಜೊತೆಗಿಟ್ಟುಕೊಂಡು, ನೀವು ಹೇಳಿದ ಪರೀಕ್ಷೆಗಳನ್ನೆಲ್ಲ ಮಾಡಿದೆವು. ಸೋಲಾರ್ ಟ್ಯಾಂಕಿನ ತಣ್ಣೀರಿನ ವಾಲ್ವ್ ಮುಚ್ಚಿದ ಮೇಲೂ ಕೆಳಗಿನ ಬಚ್ಚಲಿನ ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು ಬರುತ್ತಲೇ ಇತ್ತು. ಮೇಲಿನ ಬಚ್ಚಲಿನ ಮಿಕ್ಸರನ್ನು ಮುಚ್ಚಿದ ತಕ್ಷಣ ನಿಂತಿತು. ಅಲ್ಲಿಗೆ ಎರಡನೆಯ ಸ್ನಾನದ ರಹಸ್ಯ ಬಯಲಾಯಿತು, ಅಡುಗೆಮನೆ ಎಂಜಿನಿಯರ್ ಮೇಡಂ ಅವರಿಗೆ ವಿಶೇಷ ವಂದನೆಗಳು. ಪ್ಯಾನೆಲ್‌ನ ಮೇಲಿನ ಪೈಪು ಮುಟ್ಟಲಾಗದಷ್ಟು ಬಿಸಿ, ಕೆಳಗಿನದು ತಣ್ಣಗಿತ್ತು; ಆದ್ದರಿಂದ ಪ್ಯಾನೆಲ್‌ಗಳು ಕಟ್ಟಿಕೊಂಡಿಲ್ಲ, ತೊಳೆದರೆ ಇನ್ನೂ ಸುಧಾರಿಸಬಹುದಷ್ಟೆ.

ಸೋರಿಕೆಯ ವಿಷಯದಲ್ಲಿ ಮಾತ್ರ ಸುದ್ದಿ ಒಳ್ಳೆಯದಲ್ಲ. ಟ್ಯಾಂಕಿನ ಒಂದು ಪಕ್ಕದ ಮುಚ್ಚಳ ಬಿಚ್ಚಿದಾಗ ಒಳಗಿನ ಪಫ್ ನೆನೆದು ಹಿಟ್ಟಿನಂತಾಗಿತ್ತು. ವೆಲ್ಡಿಂಗ್ ಅಂಚಿನಲ್ಲಿ ಕಂದು ಬಣ್ಣದ ಎರಡು ಚುಕ್ಕೆಗಳು, ಒಂದರಿಂದ ಬೆಚ್ಚಗಿನ ನೀರು ಮಣಿಮಣಿಯಾಗಿ ಮೂಡುತ್ತಿತ್ತು. ಕಂಪನಿಯವರು ನೋಡದೆ ಹೇಳಿದ್ದರೂ ಟ್ಯಾಂಕಿನ ಮಟ್ಟಿಗೆ ಅವರ ಮಾತು ನಿಜವಾಯಿತು. ನಮ್ಮ ವಿದ್ಯುತ್ ಬಳಕೆ 170ರ ಸುತ್ತ ಇರುವುದರಿಂದ ಮಾದಯ್ಯನವರ ಲೆಕ್ಕವೇ ನಮಗೆ ಅನ್ವಯವಾಗುತ್ತದೆ, ಸೋಲಾರ್ ಬಿಡುವ ಪ್ರಶ್ನೆಯಿಲ್ಲ. ಈಗ ಕೇಳುವುದಿಷ್ಟೆ: ಪ್ಯಾನೆಲ್‌ಗಳನ್ನು ಉಳಿಸಿಕೊಂಡು ಟ್ಯಾಂಕನ್ನು ಮಾತ್ರ ಬದಲಿಸಲು ಬರುತ್ತದೆಯೇ? ಕಂಪನಿಯವರು ಬರುವುದಿಲ್ಲ ಎನ್ನುತ್ತಾರೆ.

ಪೈಪುರಿಂಚು

ಖಂಡಿತ ಬರುತ್ತದೆ. ತಾಮ್ರದ ಪ್ಯಾನೆಲ್ ಮಾದರಿಗೆ 200 ಲೀಟರಿನ ಟ್ಯಾಂಕುಗಳನ್ನು ಬಿಡಿಯಾಗಿ ಮಾಡಿಕೊಡುವವರು ನಗರದಲ್ಲಿ ಹಲವರಿದ್ದಾರೆ. ಹಳೆಯ ಟ್ಯಾಂಕಿನ ಉದ್ದ, ವ್ಯಾಸ ಮತ್ತು ನಾಲ್ಕು ಪೈಪುಗಳು ಸೇರುವ ಜಾಗದ ಅಳತೆ ಕೊಟ್ಟರೆ ಅದೇ ಸ್ಟ್ಯಾಂಡಿನ ಮೇಲೆ ಕೂರುತ್ತದೆ. ಟ್ಯಾಂಕಿನ ತಳ ಪ್ಯಾನೆಲ್‌ನ ಮೇಲ್ತುದಿಗಿಂತ ಎತ್ತರದಲ್ಲೇ ಇರುವಂತೆ ನೋಡಿಕೊಳ್ಳಿ, ಕೆಳಗಿಳಿದರೆ ರಾತ್ರಿ ನೀರು ತಿರುಗುಮುರುಗಾಗಿ ಹರಿದು ಪ್ಯಾನೆಲ್‌ನಲ್ಲಿ ತಣ್ಣಗಾಗುತ್ತದೆ. ಬಿಸಿನೀರಿನ ಪೈಪಿಗೆ ಸುತ್ತಿದ ಹೊದಿಕೆ ಬಿಸಿಲಿಗೆ ಪುಡಿಯಾಗಿರುತ್ತದೆ, ಅದನ್ನೂ ಇದರ ಜೊತೆಗೇ ಬದಲಿಸಿಬಿಡಿ.

ತಾರಸಿವಾಸಿ

ಹಾಗೆ ಮಾಡಿದರೆ ಪೂರ್ತಿ ವ್ಯವಸ್ಥೆಗೆ ಯಾರೂ ವಾರಂಟಿ ಕೊಡುವುದಿಲ್ಲ. ಮೂರು ವರ್ಷಕ್ಕೆ ಪ್ಯಾನೆಲ್ ಸೋರಿದರೆ ಟ್ಯಾಂಕಿನವರು ಪ್ಯಾನೆಲ್ ತೋರಿಸುತ್ತಾರೆ, ಪ್ಯಾನೆಲ್ ಕಂಪನಿಯವರು ಟ್ಯಾಂಕ್ ತೋರಿಸುತ್ತಾರೆ. ಹೊಸ ವ್ಯವಸ್ಥೆಗೆ ಐದು ವರ್ಷ ನೆಮ್ಮದಿಯಿದೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಹೀಟರಿನ ಜಿಎಸ್‌ಟಿ ಶೇಕಡ 12ರಿಂದ ಮತ್ತೆ 5ಕ್ಕೆ ಇಳಿದಿರುವುದನ್ನೂ ಮರೆಯಬೇಡಿ; 36,000 ಎಂದವರು ಯಾವ ತೆರಿಗೆಯ ಲೆಕ್ಕದಲ್ಲಿ ಹೇಳಿದರೋ ಕೇಳಿ ನೋಡಿ.

ಗುಜರಿ_ಗೆಳೆಯ

ಮೂರು ವರ್ಷದ ಮೇಲೆ ಪ್ಯಾನೆಲ್ ಸೋರಿದರೂ ಒಳಗಿನ ತಾಮ್ರಕ್ಕೆ ಅಂದಿನ ಬೆಲೆ ಸಿಗುತ್ತದೆ. ವಾರಂಟಿ ಕಾರ್ಡಿಗೆ ಏನು ಸಿಗುತ್ತದೆ?

ಹಳೇಮನೆ_ಹೊಸಚಿಂತೆ

ತೆರಿಗೆಯ ವಿಷಯವನ್ನು ಕೇಳಿದೆ. ಕೇಳಿದ ಮೇಲೆ 36,000 ಇದ್ದದ್ದು 34,000 ಆಯಿತು. ಬಿಡಿ ಟ್ಯಾಂಕಿಗೆ ಕೂಲಿ ಸೇರಿ 17,500 ಕೇಳಿದ್ದಾರೆ, ಮಿಕ್ಸರಿಗೆ ನಾನ್ ರಿಟರ್ನ್ ವಾಲ್ವ್ ಮತ್ತು ಪೈಪಿನ ಹೊದಿಕೆ ಬೇರೆ. ಪ್ಯಾನೆಲ್‌ಗಳು ಸುಸ್ಥಿತಿಯಲ್ಲಿರುವುದರಿಂದ ಟ್ಯಾಂಕನ್ನು ಮಾತ್ರ ಬದಲಿಸುವುದೆಂದು ತೀರ್ಮಾನಿಸಿದ್ದೇನೆ. ಯಾವ ಟ್ಯಾಂಕು ಎನ್ನುವುದೊಂದು ಉಳಿದಿದೆ: 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು, 316 ಎಲ್ ದರ್ಜೆಯದು ಮತ್ತು ಒಳಗೆ ಗಾಜಿನ ಲೇಪವಿರುವ ಕಬ್ಬಿಣದ್ದು ಎಂದು ಮೂರು ಬಗೆ ತೋರಿಸಿದ್ದಾರೆ.

ರಸಾಯನ_ಮೇಡಂ

ಸಂಪಿನಲ್ಲಿ ಬೋರ್‌ವೆಲ್ ನೀರು ಬೆರೆಯುವವರೆಗೂ 304 ಬೇಡ, ಈಗ ತೂತಾಗಿರುವುದೂ ಬಹುಶಃ ಅದೇ ಸ್ಟೀಲು. 316 ಎಲ್‌ನಲ್ಲಿ ಮಾಲಿಬ್ಡಿನಂ ಇರುವುದರಿಂದ ಕ್ಲೋರೈಡನ್ನು ಹೆಚ್ಚು ತಡೆಯುತ್ತದೆ. ಗಾಜಿನ ಲೇಪದ್ದು ಇನ್ನೂ ಒಳ್ಳೆಯದು, ಆದರೆ ಅದರೊಳಗಿನ ಮೆಗ್ನೀಸಿಯಂ ಕಡ್ಡಿ ಟ್ಯಾಂಕಿನ ಬದಲು ತಾನು ಸವೆಯುತ್ತಾ ಹೋಗುತ್ತದೆ, ಒಂದೆರಡು ವರ್ಷಕ್ಕೊಮ್ಮೆ ಬಿಚ್ಚಿ ನೋಡಿ ಬದಲಿಸುವ ಶಿಸ್ತು ನಿಮಗಿದ್ದರೆ ಮಾತ್ರ ತೆಗೆದುಕೊಳ್ಳಿ.

ಹಳೇಮನೆ_ಹೊಸಚಿಂತೆ

ಹದಿಮೂರು ವರ್ಷ ತಾರಸಿಯ ಕಡೆ ತಲೆಯೆತ್ತದವರಿಗೆ ಅಂಥ ಶಿಸ್ತು ಬಂದೀತೆಂಬ ಭರವಸೆಯಿಲ್ಲ. 316 ಎಲ್ ಹಾಕಿಸುತ್ತೇನೆ.

ಅಡುಗೆಮನೆ_ಎಂಜಿನಿಯರ್

ಒಳ್ಳೆಯದು. ಕಾಯಿಲ್‌ಗೆ ಹೋಗುವ ವೈರಿನ ಅರ್ತಿಂಗ್ ಸರಿಯಿದೆಯೇ, ವಿದ್ಯುತ್ ಸೋರಿದರೆ ತಾನೇ ಲೈನ್ ಕಡಿಯುವ ಆರ್‌ಸಿಸಿಬಿ ಆ ಲೈನಿಗೆ ಇದೆಯೇ ಎಂದು ಟ್ಯಾಂಕು ಕೂರಿಸುವ ದಿನವೇ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿಕೊಳ್ಳಿ. ಹಳೆಯ ಮನೆಗಳಲ್ಲಿ ಇದನ್ನು ಯಾರೂ ನೋಡಿರುವುದಿಲ್ಲ.

ಬೋರ್‌ವೆಲ್_ಬವಣೆ

ರಸಾಯನ ಮೇಡಂ ಅವರೇ, ಸಲ್ಫಾಮಿಕ್ ಆಮ್ಲವನ್ನು ಎಷ್ಟು ನೀರಿಗೆ ಎಷ್ಟು ಹಾಕಬೇಕು? ಕೇಳಿದ್ದರಲ್ಲಿ ತಪ್ಪೇನಿಲ್ಲವಲ್ಲ.

ರಸಾಯನ_ಮೇಡಂ

ಪೊಟ್ಟಣದ ಮೇಲೆ ಬರೆದಿರುವ ಪ್ರಮಾಣವನ್ನು ಮೀರಬೇಡಿ, ಆಮ್ಲವನ್ನೇ ನೀರಿಗೆ ಹಾಕಿ ಹೊರತು ನೀರನ್ನು ಆಮ್ಲಕ್ಕೆ ಸುರಿಯಬೇಡಿ, ಮತ್ತು ಈ ಬಾರಿಯಾದರೂ ಟ್ಯಾಂಕಿನ ವಾಲ್ವುಗಳನ್ನು ಮುಚ್ಚಿ, ಪ್ಯಾನೆಲ್‌ಗೆ ಮಾತ್ರ ಹಾಕಿ.